ಮೂರನೇ ತಟ್ಟು, ಒಂಬತ್ತನೇ ಮರ

ನನ್ನ ಫೋನಿನಲ್ಲಿ ಆ ಕರೆಯ ಗುರುತು ಈಗಲೂ ಇದೆ. ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಮಾತಾಡಿದ ಹೊತ್ತು ಹನ್ನೊಂದು ಸೆಕೆಂಡು. ಅಷ್ಟರಲ್ಲಿ ನಾನು ಕೇಳಿಸಿಕೊಂಡದ್ದು ಇಷ್ಟೇ: “ಮೋಳೇ, ಬಿದ್ದೆ. ಕತ್ತಿ ತೊಡೆಗೆ ಹೋಯ್ತು. ಗ್ರೇನಿನ ಹತ್ರ ಇದ್ದೇನೆ.” ಆಮೇಲೆ ಒಂದು ದೀರ್ಘ ಉಸಿರು. ಆಮೇಲೆ ಏನೂ ಇಲ್ಲ. ತಿರುಗಿ ಮಾಡಿದರೆ ಹೋಗಲಿಲ್ಲ. ಆ ಗುಡ್ಡದಲ್ಲಿ ಫೋನು ಸಿಗುವುದು ಅದಕ್ಕೆ ಮನಸ್ಸಾದಾಗ ಮಾತ್ರ.

ಕರೆ ಮಾಡಿದವರು ಪಕ್ಕದ ತೋಟದ ಚೇಚಿ. ಮಲಯಾಳದಲ್ಲಿ ಚೇಚಿ ಎಂದರೆ ಅಕ್ಕ, ಮೋಳೆ ಎಂದರೆ ಮಗಳು. ನನಗಿಂತ ಹನ್ನೊಂದು ವರ್ಷ ದೊಡ್ಡವರು. ಕೇರಳದಿಂದ ಕಡಬದ ಈ ಕಡೆಗೆ ಬಂದು ರಬ್ಬರ್ ಹಾಕಿದ ಕ್ರೈಸ್ತರ ಮನೆಗೆ ಮದುವೆಯಾಗಿ ಬಂದವರು. ನಾನು ಬಂದದ್ದು ಮರ್ಕಂಜದಿಂದ, ಅರೆಭಾಷೆ ಆಡುವ ಮನೆಯಿಂದ. ಮೊದಲ ಎರಡು ವರ್ಷ ನಾವಿಬ್ಬರೂ ಬೇಲಿಯ ಆಚೆ ಈಚೆ ನಿಂತು ಕೈಸನ್ನೆಯಲ್ಲೇ ಮಾತಾಡಿದ್ದೇವೆ. ಆಮೇಲೆ ಅವರಿಗೆ ಕನ್ನಡ ಬಂತು. ನನಗೆ ಮಲಯಾಳ ಅರ್ಧ ಬಂತು.

ಆ ಕರೆ ಕೇಳಿ ನಾನು ಅಷ್ಟು ಹೆದರಿದ್ದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಚೇಚಿಗೆ ಹೃದಯದ ತೊಂದರೆಯಾಗಿ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಒಂದು ಮಾತ್ರೆ ಕೊಟ್ಟಿದ್ದರು. ಅವರಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಮೀನು ಹೆಚ್ಚುವಾಗ ಬೆರಳು ಕೊಯ್ದರೂ ಅರ್ಧ ಗಂಟೆ ಬಟ್ಟೆ ಒತ್ತಿ ಹಿಡಿದು ಕೂರಬೇಕು. ರಬ್ಬರ್ ಮರ ಕೆತ್ತುವ ಟ್ಯಾಪಿಂಗ್ ಕೆಲಸ ಬಿಡಿ ಎಂದು ಡಾಕ್ಟರು ಹೇಳಿದ್ದರು. “ಮರಕ್ಕೆ ಕತ್ತಿ ಹಾಕುದು, ನನಗೆ ಅಲ್ಲ” ಎಂದು ಚೇಚಿ ಬಿಟ್ಟಿರಲಿಲ್ಲ.

ಇನ್ನು ಗ್ರೇನ್ ಎಂದರೆ ಏನೆಂದು ಹೇಳಬೇಕು. ಅದು ಒಂದು ಮರದ ಹೆಸರು. ಆ ಹೆಸರು ಲೋಕದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಆರು ವರ್ಷದ ಹಿಂದೆ ನನ್ನ ಗಂಡನಿಗೆ ಪುತ್ತೂರಿನ ಒಂದು ಆಸ್ಪತ್ರೆಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಆಪರೇಷನ್ ಮುಗಿದು ಅವರನ್ನು ಹೊರಗೆ ತಂದಾಗ ನಾನು ಅಲ್ಲಿರಲಿಲ್ಲ. ಬೇರೆ ಮಹಡಿಯಲ್ಲಿ, ಬೇರೆ ಬಾಗಿಲಿನ ಎದುರು ನಿಂತಿದ್ದೆ. ಗೋಡೆಯ ಮೇಲೆ ಬೋರ್ಡುಗಳಿದ್ದವು, ಎಲ್ಲ ಇಂಗ್ಲಿಷಿನಲ್ಲಿ. ನಾನು ಹತ್ತನೇ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಮಾತ್ರ ಫೇಲಾದವಳು. ಅಕ್ಷರಗಳು ಗೊತ್ತು, ಅವು ಜತೆ ಸೇರಿದರೆ ಗೊತ್ತಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲು ನಾಚಿಕೆಯಾಗಿ ನಲವತ್ತು ನಿಮಿಷ ಆ ಬಾಗಿಲನ್ನು ನೋಡುತ್ತ ನಿಂತೆ. ಅದು ಸಾಮಾನು ಇಡುವ ಕೋಣೆಯಾಗಿತ್ತು.

ಊರಿಗೆ ಬಂದು ಚೇಚಿಗೆ ಹೇಳಿದೆ. ಅವರು ನಗಲಿಲ್ಲ. ಅವರ ರಬ್ಬರ್ ಹಾಲಿನಿಂದ ಶೀಟ್ ಮಾಡುವ ಶೆಡ್ಡಿನಲ್ಲಿ ಆ್ಯಸಿಡ್ ಬಾಟಲಿ ಇಡುವ ಹಲಗೆಗೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎಳೆದು, ಒರಸಿ, ತಿರುಗಿಸಿ ತೋರಿಸಿದರು. ಯಾವುದೋ ಶಾಲೆಯವರು ಬಿಸಾಡಿದ ಗೋಡೆಪಟ ಅದು, ಗುಜರಿಯವನ ಹತ್ತಿರದಿಂದ ಬಂದದ್ದು. ಹತ್ತು ಸಾಲು, ಸಾಲಿಗೆ ಹತ್ತು ಇಂಗ್ಲಿಷ್ ಪದ. ಒಂದು ಸಾಲಿನ ಎಲ್ಲ ಪದಗಳಿಗೂ ಕೊನೆಯ ಅಕ್ಷರಗಳು ಒಂದೇ. ಅವು ಕೆಂಪು, ಉಳಿದವು ಕಪ್ಪು. ಪ್ರತಿ ಪದದ ಕೆಳಗೆ ಸಣ್ಣದಾಗಿ ಕನ್ನಡದಲ್ಲಿ ಅರ್ಥ.

ಮೊದಲನೇ ಸಾಲು ಎ, ಎಲ್, ಎಲ್: ಬಾಲ್ ಎಂದರೆ ಚೆಂಡು, ಕಾಲ್ ಎಂದರೆ ಕರೆ, ಫಾಲ್ ಎಂದರೆ ಬೀಳು, ಹಾಲ್ ಎಂದರೆ ದೊಡ್ಡ ಕೋಣೆ, ಹೀಗೆ ಹತ್ತು. ಎರಡನೆಯದು ಐ, ಜಿ, ಎಚ್, ಟಿ: ಲೈಟ್, ನೈಟ್, ಸೈಟ್, ಟೈಟ್. ಅದರಲ್ಲಿ ಜಿ ಮತ್ತು ಎಚ್ ಬರೆಯುವುದಕ್ಕುಂಟು, ಓದುವುದಕ್ಕಿಲ್ಲ. “ಊಟಕ್ಕೆ ಬಂದು ಒಂದು ಮಾತೂ ಆಡದೆ ಹೋಗುವ ನೆಂಟರು” ಎಂದರು ಚೇಚಿ. ಮೂರನೇ ಸಾಲು ಎ, ಐ, ಎನ್: ಗೇನ್ ಲಾಭ, ಮೇನ್ ಮುಖ್ಯ, ಪೇನ್ ನೋವು, ರೇನ್ ಮಳೆ, ವೇನ್ ವ್ಯರ್ಥ, ಬ್ರೇನ್ ಮಿದುಳು, ಚೇನ್ ಸರಪಳಿ, ಡ್ರೇನ್ ಚರಂಡಿ, ಗ್ರೇನ್ ಧಾನ್ಯ, ಟ್ರೇನ್ ರೈಲು.

ಪುಸ್ತಕ ಹಿಡಿದು ಕೂರಲು ನಮಗೆ ಹೊತ್ತಿರಲಿಲ್ಲ. ಹೊತ್ತಿದ್ದದ್ದು ಟ್ಯಾಪಿಂಗ್ ಮಾಡುವಾಗ. ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಬಾಯಿಗೆ ಬೇಕಾದಷ್ಟು ಬಿಡುವುಂಟು. ಮರದ ಹತ್ತಿರ ಹೋಗಬೇಕು, ಹಿಂದಿನ ಸಲದ ಗಾಯದಲ್ಲಿ ಒಣಗಿದ ರಬ್ಬರಿನ ಎಳೆಯನ್ನು ಕೀಳಬೇಕು, ಹಾಲು ಹಿಡಿಯುವ, ಕವುಚಿಟ್ಟ ತೆಂಗಿನ ಗೆರಟೆಯನ್ನು ಬಾಯಿ ಮೇಲೆ ಮಾಡಿ ಇಡಬೇಕು, ಕತ್ತಿಯಿಂದ ತೊಗಟೆಯನ್ನು ತೆಳುವಾಗಿ ಕೆತ್ತಬೇಕು, ಹಾಲು ಗೆರಟೆಗೆ ಇಳಿಯುವುದನ್ನು ನೋಡಿ ಮುಂದಿನ ಮರಕ್ಕೆ ಹೋಗಬೇಕು. ಚೇಚಿಗೆ ಎರಡು ಗುಡ್ಡ. ಒಂದು ದಿನ ಮೂಡುಗುಡ್ಡ, ಒಂದು ದಿನ ಪಡುಗುಡ್ಡ. ಪಡುಗುಡ್ಡದಲ್ಲಿ ಅವರು ಜಪಮಾಲೆಯ ಪ್ರಾರ್ಥನೆ ಹೇಳಿಕೊಂಡು ಟ್ಯಾಪಿಂಗ್ ಮಾಡುತ್ತಿದ್ದರು. ಮೂಡುಗುಡ್ಡದಲ್ಲಿ ಏನೂ ಇರಲಿಲ್ಲ.

ಮೂಡುಗುಡ್ಡವನ್ನು ಮೆಟ್ಟಿಲಿನ ಹಾಗೆ ಕಡಿದು ಮರ ನೆಟ್ಟಿದ್ದರು. ಅಂಥ ಒಂದೊಂದು ಮೆಟ್ಟಿಲಿಗೆ ನಾವು ತಟ್ಟು ಎನ್ನುತ್ತೇವೆ. ಸರಿಯಾಗಿ ಹತ್ತು ತಟ್ಟು. ತಟ್ಟಿಗೆ ಹತ್ತೋ ಹನ್ನೊಂದೋ ಮರ. ಪಟದಲ್ಲೂ ಹತ್ತು ಸಾಲು. “ದೇವರೇ ಲೆಕ್ಕ ಮಾಡಿ ಇಟ್ಟ ಹಾಗುಂಟು” ಎಂದು ಚೇಚಿ ಮರಕ್ಕೊಂದು ಪದ ಕೊಟ್ಟರು. ಮೊದಲ ತಟ್ಟಿಗೆ ಮೊದಲ ಸಾಲು, ಎರಡನೆಯದಕ್ಕೆ ಎರಡನೆಯದು. ಮರದ ಎದುರು ನಿಂತಾಗ ಅದರ ಪದ, ಅದರ ಅಕ್ಷರಗಳು, ಅದರ ಅರ್ಥ ಹೇಳಬೇಕು. ಹೇಳಲಾಗದಿದ್ದರೆ ಶೆಡ್ಡಿಗೆ ಬಂದು ಪಟ ನೋಡಬೇಕು.

ನಮ್ಮಲ್ಲಿ ಕೆಲಸಕ್ಕೆ ಕೆಲಸ ಕೊಡುವ ಪದ್ಧತಿ ಇತ್ತು. ಅವರಿಗೆ ಜ್ವರವಾದರೆ ನಾನು ಅವರ ಗುಡ್ಡಕ್ಕೆ, ನಮ್ಮ ಮನೆಯಲ್ಲಿ ಕಾರ್ಯವಿದ್ದರೆ ಅವರು ನಮ್ಮ ಗುಡ್ಡಕ್ಕೆ. ಹಾಗಾಗಿ ಮೂಡುಗುಡ್ಡದ ಪದಗಳು ನನಗೂ ಆದವು. ಹಾಲು ಕಾಯಿಸುವ ಹೊತ್ತಿಗೆ ನಾನು ಸೈಟ್, ಟೈಟ್ ಎಂದು ಗೊಣಗುವುದು ಕೇಳಿ ನನ್ನ ಗಂಡ ನಗುತ್ತಿದ್ದರು. “ಇಬ್ರೂ ಸೇರಿ ಮರಗಳಿಗೆ ಇಂಗ್ಲಿಷ್ ಕಲಿಸ್ತೀರಿ. ನಾಳೆ ಅವು ಹಾಲು ಕೊಡ್ಲಿಕ್ಕೆ ಸಂಬಳ ಕೇಳ್ತಾವೆ ನೋಡು.” ಒಂದು ವರ್ಷದಲ್ಲಿ ನೂರು ಪದ ಓದಲು ಬಂದಿತ್ತು. ಒಂದು ಸಾಲು ಗೊತ್ತಾದರೆ ಅದೇ ಬಾಲದ ಹೊಸ ಪದವೂ ತಾನಾಗಿ ಓದಲು ಬರುತ್ತದೆ ಎಂದು ಆಮೇಲೆ ತಿಳಿಯಿತು. ಅದು ಸಣ್ಣ ಸಂತೋಷವಲ್ಲ.

ನನ್ನ ಮಂಡಿನೋವಿನಿಂದ ಎರಡು ವರ್ಷದಿಂದ ನಾನು ಗುಡ್ಡ ಹತ್ತಿರಲಿಲ್ಲ. ಆದರೂ ಸಂಜೆ ಬೇಲಿಯ ಹತ್ತಿರ ಚೇಚಿ ಸಿಕ್ಕಿದರೆ ಸುದ್ದಿ ಹಾಗೇ ಬರುತ್ತಿತ್ತು. “ಇವತ್ತು ಕೇಕಿನ ಹತ್ರ ಹಂದಿ ಅಗೆದಿದೆ.” “ಬ್ರೈಟಿಗೆ ಹಾಲೇ ಇಲ್ಲ ಮೋಳೇ, ಮುದುಕಿ ಆಯ್ತು.” ನಾನು ಆ ಮರವನ್ನು ಮನಸ್ಸಿನಲ್ಲಿ ನೋಡಿ ತಲೆಯಾಡಿಸುತ್ತಿದ್ದೆ.

ಇನ್ನು ಆ ಬೆಳಿಗ್ಗೆ. ನಾನು ನೋಡಿದ್ದನ್ನು ಮಾತ್ರ, ಆದ ಕ್ರಮದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಅರೆಭಾಷೆಯಲ್ಲಿ ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನನ್ನ ಗಂಡ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದರು. ಚೇಚಿಯ ಗಂಡ ಹಿಂದಿನ ದಿನವೇ ನೆಲ್ಯಾಡಿಗೆ, ತಮ್ಮನ ಮನೆಗೆ ಹೋಗಿದ್ದರು. ನಾನು ವಿಷಯ ಹೇಳಿದೆ. ಇವರು ಲೋಟ ಇಟ್ಟು ಎದ್ದರು.

“ಪಡುಗುಡ್ಡದಲ್ಲಿ ಇದ್ದಾರೆ. ಬೆಳಿಗ್ಗೆ ಆ ದಾರಿಯಲ್ಲಿ ಅವರ ಟಾರ್ಚ್ ಕಂಡಿದ್ದೇನೆ.”

“ಅಲ್ಲ, ಮೂಡುಗುಡ್ಡ.”

“ನಾನು ಕಣ್ಣಾರೆ ಕಂಡದ್ದು ಮಾರಾಯ್ತಿ!”

“ಗ್ರೇನಿನ ಹತ್ರ ಅಂದಿದ್ದಾರೆ. ಗ್ರೇನ್ ಇರುದು ಮೂಡುಗುಡ್ಡದಲ್ಲಿ. ಮೂರನೇ ತಟ್ಟು, ಒಂಬತ್ತನೇ ಮರ.”

ಇವರು ನನ್ನ ಮುಖವನ್ನು ನೋಡಿದರು. ನನಗೆ ತಲೆ ಕೆಟ್ಟಿದೆಯೇ ಎಂದು ನೋಡಿದ ಹಾಗಿತ್ತು. ಆದರೆ ಮತ್ತೆ ವಾದ ಮಾಡಲಿಲ್ಲ. “ನೀನು ಹೋಗಿ ನೋಡು. ನಾನು ಜೀಪಿನವನನ್ನು ಕರ್ಕೊಂಡು ಬರ್ತೇನೆ” ಎಂದು ರಸ್ತೆಗೆ ಓಡಿದರು. ನಾನು ಹಗ್ಗದ ಮೇಲಿದ್ದ ಎರಡು ಪಂಚೆ ಎಳೆದುಕೊಂಡು ಬೇಲಿ ದಾಟಿದೆ.

ಮೂರನೇ ತಟ್ಟಿಗೆ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೆಳಗಿನಿಂದ ಮೂರನೆಯದು. ಒಂದೊಂದೇ ಮರ ಎಣಿಸಿದೆ. ಗೇನ್, ಮೇನ್, ಪೇನ್, ರೇನ್. ಒಂಬತ್ತನೇ ಮರದ ಹತ್ತಿರ ಯಾರೂ ಇರಲಿಲ್ಲ. ತಟ್ಟಿನ ಅಂಚಿನಿಂದ ಬಗ್ಗಿ ಕೆಳಗೆ ನೋಡಿದೆ. ಬಳ್ಳಿ ಮತ್ತು ತರಗೆಲೆ. “ಚೇಚೀ” ಎಂದು ಕೂಗಿದೆ. ಜೀರುಂಡೆಗಳ ಸದ್ದು ಎಷ್ಟಿತ್ತೆಂದರೆ ನನ್ನ ಕೂಗು ನನಗೇ ಸರಿಯಾಗಿ ಕೇಳಲಿಲ್ಲ. ಎರಡನೇ ಸಲ ಎಣಿಸಿದೆ. ಮತ್ತೆ ಅದೇ ಮರ.

ಆ ಹೊತ್ತಿನಲ್ಲಿ ನನಗೆ ಏನನಿಸಿತು ಎಂಬುದನ್ನು ಮರೆಮಾಚಿ ಬರೆಯುವುದಿಲ್ಲ. ಇವರು ಹೇಳಿದ್ದೇ ಸರಿ, ಚೇಚಿ ಪಡುಗುಡ್ಡದಲ್ಲಿದ್ದಾರೆ, ಪೆಟ್ಟು ಬಿದ್ದು ಬಾಯಿಗೆ ಬಂದ ಪದ ಹೇಳಿದ್ದಾರೆ, ನನ್ನ ಹಟದಿಂದ ಹತ್ತು ನಿಮಿಷ ಹೋಯಿತು ಎಂದು ಅನಿಸಿತು. ಇನ್ನೊಮ್ಮೆ ಕೆಳಗೆ ಬಗ್ಗಿ ನೋಡಲು ಮರವನ್ನು ಹಿಡಿದೆ.

ಹಿಡಿದಾಗ ಕೈಗೆ ಗೆರಟೆ ತಾಗಿತು. ಅದು ಕವುಚಿತ್ತು.

ಗಾಯದ ಗೆರೆಯನ್ನು ನೋಡಿದೆ. ಹಳೆಯ ರಬ್ಬರ್ ಎಳೆ ಒಣಗಿ ಅಲ್ಲೇ ಅಂಟಿತ್ತು. ಹಿಂದಿನ ಮರ ನೋಡಿದೆ, ಅದರದ್ದೂ ಹಾಗೆಯೇ. ಅದರ ಹಿಂದಿನದೂ. ಈ ತಟ್ಟಿಗೆ ಇವತ್ತು ಯಾರೂ ಕತ್ತಿ ಹಾಕಿಲ್ಲ. ಕತ್ತಿ ಹಾಕದ ಮರದ ಹತ್ತಿರ ಕತ್ತಿ ಹಿಡಿದು ಬೀಳುವುದಾದರೂ ಹೇಗೆ?

ಆಗ, ಯಾಕೆ ಎಂದು ಹೇಳಲಾರೆ, ತಲೆಯೆತ್ತಿ ಮೇಲೆ ನೋಡಿದೆ. ಬಹಳ ಮೇಲೆ, ಮರಗಳ ನಡುವೆ ಒಂದು ಕಡೆ, ಒಂದು ಮರದ ತೊಗಟೆಯ ಮೇಲೆ ಬಿಳಿ ಗೆರೆ ಕಂಡಿತು. ಹಾಲು.

ನಾನು ಯಾವಾಗಲೂ ಕೆಳಗಿನಿಂದ ಟ್ಯಾಪಿಂಗ್ ಶುರುಮಾಡುತ್ತಿದ್ದೆ. ನಮ್ಮ ಗುಡ್ಡದಲ್ಲಿ ಹಾಗೆಯೇ ಅಭ್ಯಾಸ. ಕೆಳಗಿನ ತಟ್ಟು ಮೊದಲನೆಯದು ಎಂಬುದರಲ್ಲಿ ನನಗೆ ಒಂದು ದಿನವೂ ಸಂಶಯ ಬಂದಿರಲಿಲ್ಲ. ಚೇಚಿ ಮೊದಲು ಮೇಲೆ ಹತ್ತಿ, ಅಲ್ಲಿಂದ ಇಳಿಯುತ್ತ ಕೆತ್ತುತ್ತಿದ್ದರು. ಅವರಿಗೆ ಮೊದಲನೆಯದೆಂದರೆ ಮೇಲಿನದು. ಒಂದೇ ಪಟ, ಅದೇ ನೂರು ಪದ. ಆದರೆ ಒಬ್ಬರಿರುವಾಗ ಇನ್ನೊಬ್ಬರು ಆ ಗುಡ್ಡದಲ್ಲಿ ಇದ್ದದ್ದೇ ಇಲ್ಲ. ಒಬ್ಬರಿಗೆ ಆಗದ ದಿನ ಮಾತ್ರ ಇನ್ನೊಬ್ಬರು ಹೋಗುತ್ತಿದ್ದದ್ದು. ಆರು ವರ್ಷ ಬೇಲಿಯ ಹತ್ತಿರ ನಿಂತು ಹಂದಿಯ ಸುದ್ದಿ, ಹಾಲಿನ ಸುದ್ದಿ ಮಾತಾಡಿದ್ದೇವೆ, ಪ್ರತಿ ಸಲವೂ ಬೇರೆ ಬೇರೆ ಮರ ನೋಡುತ್ತ.

ಮೇಲಿನಿಂದ ಮೂರನೆಯದೆಂದರೆ ನಾನು ನಿಂತ ಜಾಗದಿಂದ ಇನ್ನೂ ಐದು ತಟ್ಟು ಮೇಲೆ. ಹೇಗೆ ಹತ್ತಿದೆನೋ ತಿಳಿಯದು. ಮಂಡಿ ನೋಯಿತೇ ಎಂಬುದೂ ನೆನಪಿಲ್ಲ. ನೆನಪಿರುವುದು ಗೆರಟೆಗಳು. ಆ ತಟ್ಟಿನ ಮೊದಲ ಮರದ ಗೆರಟೆ ಬಾಯಿ ಮೇಲಾಗಿತ್ತು, ಅರ್ಧ ತುಂಬಿತ್ತು. ಎರಡನೆಯದು, ಮೂರನೆಯದು. ಎಂಟನೆಯದರಲ್ಲಿ ಹಾಲು ಇನ್ನೂ ತಳದಲ್ಲಿತ್ತು. ಒಂಬತ್ತನೇ ಮರದಲ್ಲಿ ಕೆತ್ತನೆ ಅರ್ಧಕ್ಕೆ ನಿಂತಿತ್ತು. ಕತ್ತಿ ಬುಡದಲ್ಲಿ ಬಿದ್ದಿತ್ತು.

ಚೇಚಿ ತಟ್ಟಿನ ಅಂಚಿನ ಕೆಳಗೆ, ಕಡಿದ ಮಣ್ಣಿನ ದರೆಗೆ ಒರಗಿ ಕೂತಿದ್ದರು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತೊಡೆಗೆ ಸುತ್ತಿದ್ದರು. ಅದು ಯಾವ ಬಣ್ಣದ್ದೆಂದು ಆಗ ತಿಳಿಯುವ ಹಾಗಿರಲಿಲ್ಲ. ಎರಡು ಕೈಯಲ್ಲೂ ಅದನ್ನು ಒತ್ತಿ ಹಿಡಿದಿದ್ದರು. ಮುಖ ಹಸಿ ರಬ್ಬರ್ ಶೀಟಿನ ಹಾಗೆ ಬಿಳಿ. ನನ್ನನ್ನು ಕಂಡು ಮೊದಲು ಹೇಳಿದ್ದು: “ಎಲ್ಲಿ ಹೋಗಿದ್ದಿ ಮೋಳೇ? ಗ್ರೇನ್ ಅಂತ ಹೇಳಿದೆನಲ್ಲ!”

“ಕೆಳಗಿನ ಗ್ರೇನಿಗೆ ಹೋಗಿದ್ದೆ.”

“ಕೆಳಗೆ ಯಾವ ಗ್ರೇನ್?”

ಪಂಚೆಯನ್ನು ಮಡಿಸಿ ಅವರ ಬಟ್ಟೆಯ ಮೇಲೆಯೇ ಇಟ್ಟು, ಇನ್ನೊಂದರಿಂದ ಬಿಗಿದು ಕಟ್ಟಿ, ನನ್ನ ಭಾರವನ್ನೆಲ್ಲ ಕೈಗೆ ಹಾಕಿ ಒತ್ತಿದೆ. ಬೆರಳ ಸಂದಿಯಲ್ಲಿ ಬಿಸಿ ಬರುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಕೆಳಗೆ ಜೀಪಿನ ಹಾರ್ನ್ ಕೇಳಿತು. ಎಲ್ಲಿದ್ದೇವೆಂದು ಕೂಗಿ ಹೇಳಿದೆ, ಈಗ ನನ್ನ ಗಂಟಲು ಜೀರುಂಡೆಗಳಿಗಿಂತ ಜೋರಾಗಿತ್ತು. ಇವರೂ ಜೀಪಿನವನೂ ಶೆಡ್ಡಿನ ಪ್ಲಾಸ್ಟಿಕ್ ಕುರ್ಚಿ ಹೊತ್ತು ಬಂದು, ಚೇಚಿಯನ್ನು ಅದರಲ್ಲಿ ಕೂರಿಸಿ, ಎಂಟು ತಟ್ಟು ಇಳಿಸಿದರು. ಉದ್ದಕ್ಕೂ ನಾನು ಕೈ ತೆಗೆಯಲಿಲ್ಲ. ಬಗ್ಗಿಕೊಂಡೇ ಇಳಿದೆ.

ಕಡಬದ ಆಸ್ಪತ್ರೆಯಲ್ಲಿ ಕಟ್ಟು ಬಿಗಿ ಮಾಡಿ, ಹೊಲಿಗೆ ಇಲ್ಲಿ ಬೇಡ, ಪುತ್ತೂರಿಗೆ ಹೋಗಿ ಎಂದರು. ಜೀಪಿನಲ್ಲಿ ಚೇಚಿಯ ಕಣ್ಣು ಮುಚ್ಚತೊಡಗಿತು. ನಿದ್ದೆ ಹೋಗಲು ಬಿಡಬೇಡಿ ಎಂದು ಅಲ್ಲಿನ ನರ್ಸ್ ಹೇಳಿದ್ದರು. ಏನು ಮಾತಾಡಲಿ? ನನಗೆ ಹೊಳೆದದ್ದು ಒಂದೇ.

“ಚೇಚೀ, ಮೊದಲ ಸಾಲು ಹೇಳಿ.”

“ಬಾಲ್,” ಎಂದರು ಕಣ್ಣು ಮುಚ್ಚಿಯೇ. “ಕಾಲ್. ಫಾಲ್. ಹಾಲ್.” ನಿಂತಿತು.

“ಆಮೇಲೆ?”

ಉತ್ತರವಿಲ್ಲ. ಹಾಲ್ ಆದ ಮೇಲೆ ಮಾಲ್. ಮಾಲ್ ಎಂದರೆ ಅಂಗಡಿಗಳ ದೊಡ್ಡ ಕಟ್ಟಡ ಎಂದು ಪಟದಲ್ಲಿತ್ತು. ಚೇಚಿಗೆ ಅದು ಎಂದೂ ಬಾಯಿಗೆ ಬರುತ್ತಿರಲಿಲ್ಲ, ಅದು ನನಗೆ ಗೊತ್ತು. ಗೊತ್ತಿದ್ದೂ ಹೆದರಿದೆ. ಅವರ ಕೆನ್ನೆ ತಟ್ಟಿದೆ. ಮುಂದೆ ಕೂತ ಇವರು ಹಿಂದೆ ತಿರುಗಿ, “ಮಾತಾಡಿಸ್ತಾ ಇರು, ಮಾತಾಡಿಸ್ತಾ ಇರು” ಎನ್ನುತ್ತಿದ್ದರು. ಕಾಣಿಯೂರು ದಾಟಿತು. ನಾನು ಮತ್ತೆ ಮತ್ತೆ ಹಾಲ್, ಹಾಲ್ ಎನ್ನುತ್ತಲೇ ಇದ್ದೆ. ಸವಣೂರು ಹತ್ತಿರ ಬರುವಾಗ ಚೇಚಿ ಒಂದು ಕಣ್ಣು ತೆರೆದರು.

“ಮಾಲ್. ಆ ದೊಡ್ಡ ಅಂಗಡಿ. ಯಾರು ನೋಡಿದ್ದಾರೆ ಅದನ್ನ? ಪಟ ಮಾಡಿದವನೂ ನೋಡಿರ್ಲಿಕ್ಕಿಲ್ಲ.”

ಜೀಪಿನವನು ಜೋರಾಗಿ ನಕ್ಕ. ನನಗೆ ಅಳು ಬಂತು.

ಆಸ್ಪತ್ರೆಯಲ್ಲಿ ಅವರನ್ನು ಒಳಗೆ ಕರೆದುಕೊಂಡು ಹೋದರು. ಇವರು ಚೇಚಿಯ ಗಂಡನಿಗೆ ಫೋನು ಮಾಡಲು ಹೊರಗೆ ಹೋದರು. ನರ್ಸ್ ಒಬ್ಬರು ಬಂದು, ಕೈ ತೊಳೆದುಕೊಳ್ಳಿ, ಆಮೇಲೆ ಅಲ್ಲಿ ಕಾಯಿರಿ ಎಂದು ಬೆರಳು ತೋರಿಸಿ ಹೋದರು. ನಾನು ಬೋರ್ಡ್ ನೋಡಿಕೊಂಡು ನಡೆದು ಸರಿಯಾದ ಬಾಗಿಲಿನ ಎದುರು ಬಂದು ಕೂತೆ. ಬೋರ್ಡ್ ಓದಿಕೊಂಡು ಬಂದದ್ದು ಎಂದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ಮನೆಯಲ್ಲಿ ತೆಂಗಿನಕಾಯಿ ತುರಿಯುವಾಗ.

ಒಂದೂವರೆ ಗಂಟೆಯ ಮೇಲೆ ಡಾಕ್ಟರು ಹೊರಗೆ ಬಂದರು. ಚಿಕ್ಕ ಪ್ರಾಯದ ಹೆಂಗಸು. ರಕ್ತ ನಿಂತಿದೆ, ಹೊಲಿಗೆ ಹಾಕಿದ್ದೇವೆ, ದೊಡ್ಡ ರಕ್ತನಾಳಕ್ಕೆ ತಾಗಿಲ್ಲ ಎಂದರು. ಒತ್ತಿ ಹಿಡಿದದ್ದು ಯಾರು ಎಂದು ಕೇಳಿದರು. ನಾನು ಎಂದೆ. “ಅವರನ್ನು ಹುಡುಕ್ಲಿಕ್ಕೆ ಇನ್ನೂ ಸ್ವಲ್ಪ ತಡ ಆಗಿದ್ರೆ ಕಷ್ಟ ಇತ್ತು” ಎಂದರು. ನನಗೆ ಆ ಹತ್ತು ನಿಮಿಷ ನೆನಪಾಯಿತು. ಇವರು ಕ್ಯಾಂಟೀನಿನಿಂದ ಬನ್ಸ್ ತಂದುಕೊಟ್ಟರು. ಮೂರು ತಿಂದೆ. ಅಷ್ಟು ರುಚಿಯಾಗಿ ಏನನ್ನಾದರೂ ತಿಂದದ್ದು ನೆನಪಿಲ್ಲ.

ಚೇಚಿ ಆರನೇ ದಿನ ಮನೆಗೆ ಬಂದರು. ಬೆಳಿಗ್ಗೆ ಪಡುಗುಡ್ಡದ ದಾರಿಯಲ್ಲಿ ಕಂಡ ಟಾರ್ಚ್ ಅವರದ್ದೇ. ಅಲ್ಲಿ ಬಿಟ್ಟ ಬಕೆಟ್ ತರಲು ಹೋಗಿದ್ದರಂತೆ. “ನಾನು ಕಂಡದ್ದು ಸುಳ್ಳಲ್ಲವಲ್ಲ” ಎಂದು ನನ್ನ ಗಂಡ ಅದನ್ನು ನಾಲ್ಕು ಜನರ ಹತ್ತಿರ ಹೇಳಿದರು. ಮೊದಲನೇ ತಟ್ಟು ಯಾವುದು ಎಂಬ ಜಗಳ ಮಾತ್ರ ನಮ್ಮಿಬ್ಬರ ನಡುವೆ ಒಂದು ವಾರ ನಡೆಯಿತು.

“ಮನೆ ಕಟ್ಟುವಾಗ ಕೆಳಗಿನದ್ದೇ ಮೊದಲ ಮಹಡಿ ಅಲ್ವಾ ಚೇಚೀ?”

“ಪುಸ್ತಕ ಓದುವಾಗ ಎಲ್ಲಿಂದ ಓದ್ತಿ ನೀನು? ಕೆಳಗಿಂದ್ಲಾ?”

ಆದರೂ ಸೋತೆ ಎನ್ನಲಿಲ್ಲ.

ಅವರಿಗೆ ಇನ್ನು ಕತ್ತಿ ಹಿಡಿಯುವ ಹಾಗಿಲ್ಲ. ಪಡುಗುಡ್ಡವನ್ನು ಅವರ ಗಂಡ ನೋಡಿಕೊಂಡರು. ಮೂಡುಗುಡ್ಡಕ್ಕೆ ಬೇರೆ ಜನ ಸಿಗುವವರೆಗೆ ಮಂಡಿಗೆ ಪಟ್ಟಿ ಕಟ್ಟಿಕೊಂಡು ನಾನು ಹೋಗುವುದೆಂದಾಯಿತು. ಮೊದಲ ದಿನ ಚೇಚಿ ಶೆಡ್ಡಿನ ಎದುರು, ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಪಟ ಇಟ್ಟುಕೊಂಡು ಕೂತರು. ನಾನು ಕೆಳಗಿನ ತಟ್ಟಿನ ಹತ್ತಿರ ಒಂದು ಕ್ಷಣ ನಿಂತೆ. ಅವರು ನೋಡುತ್ತಿದ್ದರು. ನಾನು ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ತಟ್ಟು ಹತ್ತಿ ತುತ್ತತುದಿಗೆ ಹೋಗಿ, ಅಲ್ಲಿಂದ ಶುರುಮಾಡಿದೆ.

ಮೂರನೇ ತಟ್ಟಿನ ಒಂಬತ್ತನೇ ಮರದಲ್ಲಿ ಆ ದಿನದ ಅರ್ಧ ಕೆತ್ತನೆ ಹಾಗೇ ಇತ್ತು. ಅದರಿಂದ ಇಳಿದ ಸ್ವಲ್ಪ ಹಾಲು ಒಣಗಿ ಕಪ್ಪಾಗಿತ್ತು. ಕೆಳಗೆ ದರೆಯ ಕಡೆ ನೋಡಿದೆ. ಮಳೆ ಬಂದು ಹೋಗಿ ಅಲ್ಲಿ ಏನೂ ಉಳಿದಿರಲಿಲ್ಲ. ಎಳೆಯನ್ನು ಕಿತ್ತು, ಅವರ ಕತ್ತಿ ನಿಂತಲ್ಲಿಂದ ನನ್ನ ಕತ್ತಿಯಿಟ್ಟು ಉಳಿದ ಅರ್ಧವನ್ನು ನಿಧಾನವಾಗಿ ಕೆತ್ತಿದೆ. ಎರಡು ಗೆರೆ ಸೇರಿದಲ್ಲಿ ಸ್ವಲ್ಪ ಏರುತಗ್ಗಾಯಿತು. ಹಾಲು ಅಲ್ಲಿ ಒಂದು ಗಳಿಗೆ ನಿಂತು, ತುಂಬಿ, ಮುಂದೆ ಹರಿಯಿತು.

“ಗ್ರೇನ್ ಆಯ್ತು ಚೇಚೀ,” ಎಂದು ಕೂಗಿದೆ.

ಕೆಳಗಿನಿಂದ ಸ್ವರ ಬಂತು. “ಅರ್ಥ ಹೇಳ್ಲಿಲ್ಲ!”